ವಾಚ್ ಹುಚ್ಚು ಇರೋರಿಗೆ ಒಂದೇ ವಾಚಲ್ಲಿ ಇರೋಕಾಗತ್ತಾ? (9 ಇದೆ, 8 ಮಾರೋಣ ಅಂತ)

ಕೀಕೊಡೋನು

ಎಲ್ರಿಗೂ ನಮಸ್ಕಾರ. ನಾನು ಜಾಸ್ತಿ ಬರೆಯೋನಲ್ಲ, ಬಂದು ಓದ್ಕೊಂಡು ಹೋಗೋ ಗಿರಾಕಿ, ಆದ್ರೆ ಹೋದ ವಾರ ಒಂದು ವಿಷ್ಯ ಆಯ್ತು, ತಲೇಲೇ ಕೂತ್ಬಿಟ್ಟಿದೆ, ಅದಕ್ಕೆ ಕೇಳ್ತಿದೀನಿ.

ಭಾನುವಾರ ಮದ್ವೆಗೆ ಹೊರಡ್ಬೇಕಿತ್ತು, ಬೀರು ತೆಗ್ದು ವಾಚ್ ಬಾಕ್ಸ್ ಮುಂದೆ ನಿಂತಿದೀನಿ. ಒಂದು ಸೀಕೋ 4:10ಕ್ಕೆ ನಿಂತಿದೆ, ಇನ್ನೊಂದು 11:52, ಓರಿಯಂಟ್ 8:35, ಡೇಟ್ ಅಂತೂ ಒಂದೊಂದು ಒಂದೊಂದು ತಿಂಗಳಲ್ಲಿ ಇದೆ. ಹೆಂಡ್ತಿ ಬಂದು "ರೀ ಟೈಮೆಷ್ಟು ಈಗ" ಅಂದ್ಲು. ನಾನು ಜೇಬಿಂದ ಮೊಬೈಲ್ ತೆಗ್ದೆ. ಅವ್ಳು ಏನೂ ಅನ್ಲಿಲ್ಲ, ಒಂದ್ಸಲ ಬಾಕ್ಸ್ ನೋಡಿದ್ಲು, ಒಂದ್ಸಲ ನನ್ನ ನೋಡಿದ್ಲು, ಹೋದ್ಲು. ಬೈದಿದ್ರೆ ಇಷ್ಟು ಬೇಜಾರಾಗ್ತಿರ್ಲಿಲ್ಲ.

ಇರೋದು ಏನೇನು ಅಂದ್ರೆ ಅಪ್ಪನ ಎಚ್‌ಎಂಟಿ ಜನತಾ, ನಾನೇ ತಗೊಂಡಿದ್ದು ಎಚ್‌ಎಂಟಿ ಪೈಲಟ್, ಸೀಕೋ 5 ಎರಡು (ಯಾಕೆ ಎರಡು ಅಂತ ಕೇಳ್ಬೇಡಿ), ಓರಿಯಂಟ್ ಬ್ಯಾಂಬಿನೋ, ಸಿಟಿಜನ್ ಇಕೋ ಡ್ರೈವ್, ಮಾವ ಮದ್ವೇಲಿ ಹಾಕಿದ ಟೈಟನ್ ಎಡ್ಜ್, ಟಿಸೊ ಪಿಆರ್‌ಎಕ್ಸ್ ಆಟೋಮ್ಯಾಟಿಕ್ (ಕೈ ಅಲ್ಲಾಡಿದ್ರೆ ತಾನೇ ಕೀ ತುಂಬ್ಕೊಳೋದು), ಮತ್ತೆ ಕ್ಯಾಸಿಯೋ ಎಫ್-91ಡಬ್ಲ್ಯು. ಆಫೀಸಿಗೆ ಟಿಸೊ ಇಲ್ಲಾ ಕ್ಯಾಸಿಯೋ, ಉಳಿದಿದ್ದೆಲ್ಲ ತಿಂಗಳಿಗೊಂದು ದಿನ ಕೈ ನೋಡಿದ್ರೆ ಅದೇ ಪುಣ್ಯ.

ಈಗ ತಲೇಲಿ ಓಡ್ತಿರೋದು, ಎಲ್ಲಾ ಮಾರಿ ಟಿಸೊ ಒಂದು ಇಟ್ಕೊಳೋದಾ, ಇಲ್ಲಾ ಮಾರಿದ ದುಡ್ಡಿಗೆ ಇನ್ನಷ್ಟು ಹಾಕಿ ಟ್ಯೂಡರ್ ಬ್ಲ್ಯಾಕ್ ಬೇ 58 ತಗೊಂಡು ಅದೊಂದೇ ಸಾಯೋವರ್ಗೂ ಕಟ್ಟೋದಾ, ಇಲ್ಲಾ ಅಪ್ಪನ ಜನತಾನೇ ಸಾಕಾ. ಅದನ್ನಂತೂ ಮಾರಲ್ಲ, ಅದು ಲೆಕ್ಕಕ್ಕಿಲ್ಲ.

ನನ್ನ ಪ್ರಶ್ನೆ ಯಾವ್ದು ಇಟ್ಕೊಳ್ಳಿ ಅನ್ನೋದಲ್ಲ. ವಾಚ್ ಬಗ್ಗೆ ತಲೆ ಕೆಡಿಸ್ಕೊಳ್ದೇ ಇರೋರು ಒಂದೇ ವಾಚಲ್ಲಿ 30 ವರ್ಷ ಇರ್ತಾರೆ, ಅದು ದೊಡ್ಡ ವಿಷ್ಯ ಅಲ್ಲ. ಹುಚ್ಚೂ ಇದ್ದು, ಒಂದೇ ವಾಚಲ್ಲಿ ನೆಮ್ಮದಿಯಾಗಿ ಇರೋರು ಯಾರಾದ್ರೂ ಇದ್ದೀರಾ? ನಿಜ ಹೇಳಿ.

ಜಾಲಹಳ್ಳಿ_ಹುಡ್ಗ

ನಮ್ಮಪ್ಪ ಜಾಲಹಳ್ಳಿ ಎಚ್‌ಎಂಟಿ ವಾಚ್ ಫ್ಯಾಕ್ಟ್ರೀಲಿ ಅಸೆಂಬ್ಲಿ ಸೆಕ್ಷನ್ನಲ್ಲಿದ್ರು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಶುರು ಮಾಡಿದ್ರಲ್ಲ ಅದೇ ಫ್ಯಾಕ್ಟ್ರಿ (ನಿಮ್ಮ ಬಾಕ್ಸಲ್ಲಿ ಸಿಟಿಜನ್ನೂ ಜನತಾನೂ ಪಕ್ಕಪಕ್ಕ ಮಲಗಿವೆ ಅಂದ್ರೆ ಗುರು ಶಿಷ್ಯ ಮಲಗಿರೋ ಲೆಕ್ಕ). ದಿನಾ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸ್ಕೊಂಡು ಎಷ್ಟು ವಾಚು ಕೈ ದಾಟಿಸಿದಾರೋ ಅವರಿಗೇ ಗೊತ್ತಿಲ್ಲ, ಆದ್ರೆ ಅವ್ರ ಕೈಮೇಲೆ ಇದ್ದಿದ್ದು ಒಂದೇ, ಕೆಲ್ಸಕ್ಕೆ ಸೇರಿದ ಹೊಸದ್ರಲ್ಲಿ ತಗೊಂಡಿದ್ದ ಜನತಾ. ಬಿಳಿ ಡಯಲ್ ಈಗ ಹಾಲಿನ ಕೆನೆ ಬಣ್ಣಕ್ಕೆ ತಿರುಗಿದೆ.

ಬೆಳಿಗ್ಗೆ ರೇಡಿಯೋದಲ್ಲಿ ವಾರ್ತೆಗೆ ಮುಂಚೆ ಬೀಪ್ ಬೀಪ್ ಅಂತ ಬರ್ತಿತ್ತಲ್ಲ, ಆಗ ಕೀ ಕೊಡೋರು. ಹೆಬ್ಬೆರಳು ತೋರುಬೆರಳಲ್ಲಿ ಕಿರ್ರ್ ಕಿರ್ರ್ ಅಂತ, ಬಾಯಲ್ಲೇ ಎಣಿಸ್ಕೊಂಡು, ಕೊನೇಲಿ ಬಿಗಿ ಬಂದ ತಕ್ಷಣ ಬಿಟ್ಬಿಡೋರು, "ಗಂಟ್ಲಿಗೆ ಬಂತು ಸಾಕು" ಅಂತ. ನಾನು ಚಿಕ್ಕೋನಿದ್ದಾಗ ಒಂದ್ಸಲ ನಂಗೆ ಕೊಟ್ರು, ಗಂಟ್ಲಿಗೆ ಬಂದ್ಮೇಲೂ ಇನ್ನೊಂದು ಸುತ್ತು ತಿರುಗಿಸೋಕೆ ಹೋದೆ, ಕೈಮೇಲೆ ಫಟ್ ಅಂತ ಬಿತ್ತು. ಜೀವನದಲ್ಲಿ ಅವ್ರು ನಂಗೆ ಹೊಡ್ದಿದ್ದು ಎರಡೇ ಸಲ, ಅದ್ರಲ್ಲಿ ಇದೊಂದು.

ಮೊನ್ನೆ ನಿಮ್ಮ ಪ್ರಶ್ನೇನೇ ಕೇಳ್ದೆ, ಅಪ್ಪ ಒಂದೇ ವಾಚು ಸಾಕು ಅನ್ಸಿತ್ತಾ ನಿಮ್ಗೆ ಅಂತ. ಅವ್ರಿಗೆ ಪ್ರಶ್ನೇನೇ ಅರ್ಥ ಆಗ್ಲಿಲ್ಲ. ಮದ್ವೆ ಮನೆ ಅಡುಗೆಭಟ್ಟರು ಮನೆಗೆ ಬಂದು ಅನ್ನ ತಿಳಿಸಾರು ಉಣ್ತಾರಲ್ಲ ಹಾಗೆ ಇದ್ದಿರ್ಬೇಕು. ಅದಕ್ಕೇ ನಂಗೆ ಅನ್ಸೋದು, ಆ ಕಾಲದೋರ ನೆಮ್ಮದೀನ ನಾವು ಎದುರಿಗಿಟ್ಕೊಂಡು ನಮ್ಮನ್ನ ಬೈಕೋಬಾರ್ದು. ಎಸ್ಸೆಸ್ಸೆಲ್ಸಿ ಪಾಸಾದ್ರೆ ಒಂದು, ಇಲ್ಲಾಂದ್ರೆ ಮದ್ವೇಲಿ ಮಾವನ ಮನೆಯಿಂದ ಒಂದು, ಅಷ್ಟೇ ಇದ್ದಿದ್ದು. ರಾತ್ರಿ ಹನ್ನೊಂದು ಗಂಟೇಲಿ ಮಲ್ಕೊಂಡು ಇನ್ನೊಂದು ವಾಚಿನ ಫೋಟೋ ದೊಡ್ಡದು ಮಾಡಿ ನೋಡೋ ಭಾಗ್ಯ ಅವ್ರಿಗೆಲ್ಲಿತ್ತು.

ಅಂದಹಾಗೆ ನಿಮ್ಮ ಪೈಲಟ್ ಫೋಟೋ ಹಾಕಿ. ಎಲ್ಲಿ ತಗೊಂಡ್ರಿ?

ಗೇರ್_ಲೆಕ್ಕ

ಭಾವನೆ ಸ್ವಲ್ಪ ಪಕ್ಕಕ್ಕಿಡಿ, ಲೆಕ್ಕ ನೋಡೋಣ.

ಜನತಾ ಮೂವ್ಮೆಂಟು (ಒಳಗಿನ ಯಂತ್ರ) ಗಂಟೆಗೆ 18,000 ಸಲ ಬಡಿಯತ್ತೆ, ಸೆಕೆಂಡಿಗೆ 5. ದಿನಕ್ಕೆ 4,32,000. ವರ್ಷಕ್ಕೆ 15 ಕೋಟಿ 76 ಲಕ್ಷ ಚಿಲ್ಲರೆ. ಒಂಬತ್ತು ವಾಚಿದ್ರೆ ಈ ಕೆಲ್ಸ ಹಂಚಿಹೋಗತ್ತೆ, ಒಂದೇ ಇದ್ರೆ ಎಲ್ಲಾ ಅದೇ ಮಾಡ್ಬೇಕು. ಐದಾರು ವರ್ಷಕ್ಕೊಂದ್ಸಲ ಬಿಚ್ಚಿ ತೊಳ್ದು ಎಣ್ಣೆ ಹಾಕಿಸ್ಬೇಕು. (ಓಡಿಸ್ದೇ ಬಾಕ್ಸಲ್ಲಿಟ್ರೆ ಉಳಿಯತ್ತೆ ಅನ್ಕೋಬೇಡಿ, ಸುಮ್ನಿದ್ರೂ ಎಣ್ಣೆ ಗಟ್ಟಿ ಆಗತ್ತೆ, ನಿಮ್ಮ ಎರಡು ಸೀಕೋಗೆ ಹೇಳ್ತಿರೋದು.) ನನ್ನ ವಾಚು ಸರ್ವಿಸಿಗೆ ಕೊಟ್ರೆ "ಬುಧವಾರ ಬನ್ನಿ ಸಾರ್" ಅಂದ್ರು, ಯಾವ ಬುಧವಾರ ಅಂತ ಹೇಳ್ಲಿಲ್ಲ, ಏಳನೇ ಬುಧವಾರ ಕೈಗೆ ಬಂತು. ಆ ಏಳು ವಾರ ಏನ್ ಕಟ್ತೀರಾ? ಅದಕ್ಕೇ ಒಂದೇ ವಾಚು ಅನ್ನೋದು ಯಾವತ್ತೂ ಒಂದೂವರೆ ವಾಚು. ಆ ಅರ್ಧ ಕ್ಯಾಸಿಯೋ. ಅದನ್ನ ಮಾರಿದ್ರೆ ಏನೂ ಹುಟ್ಟಲ್ಲ, ಇಟ್ಕೊಳ್ಳಿ.

ಇನ್ನು ನೀರು. ಹಳೇ ಜನತಾಗೆ ನೀರು ತಡ್ಕೊಳೋ ಶಕ್ತಿ ಇಲ್ಲ ಅಂತ್ಲೇ ತಿಳ್ಕೊಳ್ಳಿ, ಬೈಕಲ್ಲಿ ಹೋಗೋವಾಗ ಮಳೆ ಹೊಡೀತು ಅಂದ್ರೆ ಕಥೆ ಮುಗೀತು. ಟಿಸೊ 10 ಬಾರ್ (ಅಂದ್ರೆ 100 ಮೀಟರ್), ಬ್ಲ್ಯಾಕ್ ಬೇ 200 ಮೀಟರ್, ಯೋಚ್ನೆ ಇಲ್ಲ. ಟಿಸೊದಲ್ಲಿ 80 ಗಂಟೆ ಓಡೋ ಮೂವ್ಮೆಂಟ್ ಇದೆ, ಶುಕ್ರವಾರ ಸಂಜೆ 6ಕ್ಕೆ ಬಿಚ್ಚಿಟ್ರೆ ಸೋಮವಾರ ಬೆಳಿಗ್ಗೆನೂ ಓಡ್ತಿರತ್ತೆ. ನಿಮ್ಮ ಸೀಕೋ 41 ಗಂಟೆ ಲೆಕ್ಕದಲ್ಲಿ ಭಾನುವಾರ ಬೆಳಿಗ್ಗೆ 11ಕ್ಕೇ ಮಲಗಿರತ್ತೆ. ಆದ್ರೆ ತಮಾಷೆ ನೋಡಿ, ಇರೋದೇ ಒಂದು ವಾಚಾದ್ರೆ ಈ 80 ಗಂಟೆ ಯಾಕೆ ಬೇಕು? ದಿನಾ ಕೈಮೇಲೇ ಇರತ್ತಲ್ಲ! ಇದೆಲ್ಲ ಒಂಬತ್ತು ವಾಚ್ ಇರೋರಿಗೆ ಮಾಡಿರೋ ಅನುಕೂಲ.

ಬರೀ ಲೆಕ್ಕ ನೋಡಿದ್ರೆ ಉತ್ತರ ಒಂದೇ, ಇಕೋ ಡ್ರೈವ್. ಬೆಳಕಲ್ಲಿ ಚಾರ್ಜ್ ಆಗತ್ತೆ, ಎರಡು ವರ್ಷಕ್ಕೊಂದ್ಸಲ ಸೆಲ್ ಹಾಕಿಸೋ ತಾಪತ್ರಯ ಇಲ್ಲ, ತಿಂಗಳಿಗೆ 15 ಸೆಕೆಂಡ್ ಆಚೆ ಈಚೆ ಅಷ್ಟೇ. ಒಳಗಿರೋ ಹರಳು ಸೆಕೆಂಡಿಗೆ 32,768 ಸಲ ನಡುಗತ್ತೆ, ಅದನ್ನ ಹದಿನೈದು ಸಲ ಅರ್ಧರ್ಧ ಮಾಡಿದ್ರೆ ಕರೆಕ್ಟಾಗಿ ಒಂದು, ಮುಳ್ಳು ಒಂದು ಹೆಜ್ಜೆ ಇಡತ್ತೆ. ನಂಗಂತೂ ಇದು ಯಾವ ಟ್ಯೂಡರಿಗೂ ಕಮ್ಮಿ ಅಲ್ಲ. ಆದ್ರೆ ನೀವು ಇಟ್ಕೊಳೋದು ಅದನ್ನಲ್ಲ ಅಂತ ನಂಗೂ ಗೊತ್ತು ನಿಮ್ಗೂ ಗೊತ್ತು. ಪಟ್ಟಿ ಬರೀವಾಗ ಅದಕ್ಕೆ ಬಣ್ಣ ಏನು ಅಂತ್ಲೂ ಬರ್ದಿಲ್ಲ ನೀವು.

ಚಾರ್ಜರ್_ರಾಜ

ಎಲ್ಲಾ ಮಾರಿ ಒಂದು ಸ್ಮಾರ್ಟ್‌ವಾಚ್ ತಗೊಳ್ಳಿ ಬ್ರೋ, ಹೆಂಡ್ತಿ ಫೋನ್ ಮಾಡಿದ್ರೂ ಕೈಮೇಲೇ ಎತ್ಬೋದು 😂

ಗೇರ್_ಲೆಕ್ಕ

ಇವ್ರನ್ನ ಒಳಗೆ ಬಿಟ್ಟೋರು ಯಾರಪ್ಪ

ಹುಬ್ಬಳ್ಳಿ_ಮುಳ್ಳು

ಅಣ್ಣಾರ, ನಾ ಇದನ್ನ ಮಾಡೇ ನೋಡೀನಿ. 2022ರ ಯುಗಾದಿಗೆ ಠರಾವ್ ಮಾಡಿದೆ, ಮುಂದಿನ ಯುಗಾದಿ ತನಕ ಒಂದ ವಾಚು ಅಂತ. ಇದ್ದ ಆರರಾಗ ಐದನ್ನ ಡಬ್ಬ್ಯಾಗ ಹಾಕಿ ಅವ್ವನ ತಿಜೋರ್ಯಾಗ ಇಟ್ಟು ಕೀಲಿ ಅವ್ವನ ಕೈಯಾಗ ಕೊಟ್ಟೆ. ನಾ ಅತ್ತು ಕರದು ಕೇಳಿದ್ರೂ ಕೊಡಬ್ಯಾಡ ಅಂತ ಹೇಳಿದ್ದೆ. ಕೈಯಾಗ ಉಳದಿದ್ದು ಸೀಕೋ ಎಸ್‌ಕೆಎಕ್ಸ್ 007, 2019ರಾಗ ಕಂಪನಿಯವ್ರು ಬಂದ್ ಮಾಡಿದ್ರಲ್ರಿ ಅದು.

ಮೊದಲ ಎರಡ ತಿಂಗಳ ಖರೇನ ಭಾಳ ಹಗುರ ಅನಸ್ತು. ಮುಂಜಾನೆದ್ದು ಇವತ್ತ ಯಾವದು ಅನ್ನೂ ಚಿಂತಿನ ಇಲ್ಲ. ಮೂರನೇ ತಿಂಗಳಿಗೆ ಬೆಲ್ಟಿಂದು ಚಾಲೂ ಆತು ನೋಡ್ರಿ. ರಬ್ಬರ್ ಬೆಲ್ಟ್ ಬ್ಯಾಸಿಗ್ಯಾಗ ಬೆವರಿಗೆ ಅಂಟತೈತಿ ಅಂತ ನೈಲಾನಿಂದು ತರಿಸಿದೆ, ಮದವಿಗೆ ನೈಲಾನ್ ಛಲೋ ಕಾಣೂದಿಲ್ಲಂತ ಚರ್ಮದ್ದು ತಗೊಂಡೆ, ಚರ್ಮದ್ದು ಕಂದು ಇತ್ತು ಬೂಟು ಕರೇವು, ಅದಕ್ಕ ಕರೇದೊಂದು, ಆಮ್ಯಾಲೆ ಸ್ಟೀಲಿನ ಚೈನು, ಚೈನ್ ಭಾಳ ಹೊಳಿತೈತಿ ಅಂತ ಹೊಳಪಿಲ್ಲದ್ದ ಇನ್ನೊಂದು ಚೈನು. ವರ್ಷ ತುಂಬೂದ್ರಾಗ ವಾಚು ಒಂದ, ಬೆಲ್ಟು ಹದಿನಾಕು! ಮ್ಯಾಲೆ ಸ್ಪ್ರಿಂಗ್ ಬಾರ್ (ಬೆಲ್ಟನ್ನ ವಾಚಿಗೆ ಹಿಡದಿಡೂ ಸಣ್ಣ ಕಡ್ಡಿ) ತಗಿಯೂ ಸಾಮಾನು ಎರಡು ನಮೂನಿ.

ಒಮ್ಮೆ ಏನಾತಂದ್ರ ಬೆಲ್ಟ್ ಬದಲಿ ಮಾಡೂಮುಂದ ಸ್ಪ್ರಿಂಗ್ ಬಾರ್ ಟಣ್ಣಂತ ಪುಟದು ಗ್ವಾಡಿಗೆ ಬಡದು ದೇವರ ಜಗಲಿ ಬುಡಕ ಹೋತು. ಅವ್ವ ಪೂಜಾಕ್ಕ ಕುಂತಾಳ, ನಾ ಹೊಟ್ಟಿ ಮ್ಯಾಲೆ ಮಕ್ಕೊಂಡು ಟಾರ್ಚ್ ಹಿಡದು ಹುಡಕಾಕತ್ತೀನಿ. "ದೀಡ ನಮಸ್ಕಾರ ಹಾಕಾಕತ್ತಿಯೇನೋ, ಏನ್ ಹರಕಿ ಹೊತ್ತೀದಿ" ಅಂದ್ಲು. ಏನ್ ಹೇಳ್ಲಿ ಅಕಿಗೆ. ವಾಚ್ ಬಿಡೂ ಹರಕಿ ಅಂದೆ.

ಯುಗಾದಿ ಬಂತು, ಬೇವು ಬೆಲ್ಲ ತಿಂದು ಕೀಲಿ ಇಸ್ಕೊಂಡು ಡಬ್ಬಿ ತಗದೆ. ಐದರಾಗ ಮೂರು ನನಗ ವರ್ಷಪೂರ್ತಿ ಒಮ್ಮೆನೂ ನೆನಪ ಆಗಿರ್ಲಿಲ್ಲ, ನೋಡಿದ್ ಕೂಡ್ಲೇ ಗೊತ್ತಾತು. ಅವು ಮೂರು ಮಾರಿದೆ, ಏನೂ ಅನಸ್ಲಿಲ್ಲ. ಉಳದ ಎರಡು ನೋಡಿ ಯಾಕೋ ಕಳ್ಳ ಚುರ್ ಅಂತು. ಹಿಂಗಾಗಿ ಈಗ ಮೂರ ಅದಾವು. ಒಂದಕ್ಕ ಇಳಿಲಿಕ್ಕೆ ಆಗ್ಲಿಲ್ಲ, ಆರಕ್ಕ ಏರಿಲ್ಲ.

ನೀವು ಈಗ ಮಾರಬ್ಯಾಡ್ರಿ. ಕಣ್ಣಿಗೆ ಕಾಣಲಾರದಂಗ ಇಟ್ಟು ನೋಡ್ರಿ. ಯಾವದು ನೆನಪ ಆಗ್ತೈತಿ ಅದ ನಿಮ್ಮದು.

ಪಲ್ಸ್_ನೋಡುವವಳು

ನಾನು ಇಲ್ಲಿ ಓದುವುದು ಮಾತ್ರ, ಆದ್ರೆ ಇದಕ್ಕೆ ಹೇಳ್ಲೇಬೇಕು ಅಂತ ಆಯ್ತು ಮಾರಾಯ್ರೆ. ನಾನು ಮಂಗಳೂರಲ್ಲಿ ನರ್ಸ್, 16 ವರ್ಷ ಆಯ್ತು. ಐಸಿಯುನಲ್ಲಿ ಮೊಣಕೈಯಿಂದ ಕೆಳಗೆ ವಾಚ್ ಬಳೆ ಉಂಗುರ ಎಂತದ್ದೂ ಹಾಕ್ಲಿಕ್ಕಿಲ್ಲ, ಕೈ ಸರಿ ತೊಳೆಯಲಿಕ್ಕೆ ಆಗುದಿಲ್ಲ ಅಂತ. ಹಾಗಾಗಿ ನನ್ನದ್ದು ಎದೆಗೆ ಪಿನ್ ಮಾಡುವ ವಾಚ್. ಅದು ತಲೆಕೆಳಗೆ ನೇತಾಡ್ತದೆ, ಬೇರೆಯವರಿಗೆ 6 ಮೇಲೆ 12 ಕೆಳಗೆ ಕಾಣ್ತದೆ, ನಾನು ಬಗ್ಗಿ ನೋಡಿದ್ರೆ ಸರಿಯಾಗಿ ಕಾಣ್ತದೆ. ನನಗೊಬ್ಬಳಿಗೆ ಮಾತ್ರ ಟೈಮ್ ಹೇಳುವ ವಾಚ್ 😄

ಇಷ್ಟು ಜನ ಬರೆದ್ರಿ, ಸೆಕೆಂಡ್ ಮುಳ್ಳಿನ ಸುದ್ದಿ ಒಬ್ಬರೂ ಎತ್ಲಿಲ್ಲ. ನಮಗೆ ಅದೇ ವಾಚ್. ಪಲ್ಸ್ ಹಿಡಿದು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸುದು, ಬಡಿತ ಏರುಪೇರು ಉಂಟು ಅಂತ ಕಂಡ್ರೆ ಪೂರ್ತಿ ಒಂದು ನಿಮಿಷ ಎಣಿಸ್ಬೇಕು. ಮಾನಿಟರ್ ಉಂಟು, ಆದ್ರೂ ಕೈ ಹಿಡಿದು ನೋಡ್ಲಿಕ್ಕೆ ಉಂಟಲ್ಲ. ನಿಮ್ಮ ಆ ತೆಳುವಿನ ಎಡ್ಜ್‌ನಲ್ಲಿ ಸೆಕೆಂಡ್ ಮುಳ್ಳೇ ಇಲ್ಲ. ನಮ್ಮ ಭಾವನ ಹತ್ರ ಉಂಟು, ಪೇಪರ್ ದಪ್ಪ ಅಂತ ಎಲ್ಲರಿಗೂ ತೋರಿಸ್ತಾರೆ, ಚಂದ ಹೌದು, ಆದ್ರೆ ಪಲ್ಸ್ ನೋಡ್ಲಿಕ್ಕೆ ಆಗುದಿಲ್ಲ ಅಂತ ನಾನು ಹೇಳಿದ ಮೇಲೆ ನನ್ನ ಹತ್ರ ತೋರಿಸುದು ಬಿಟ್ಟಿದ್ದಾರೆ.

ಮನೆಯಲ್ಲಿ ಅಮ್ಮನ ಒಂದು ಸಣ್ಣ ಕೀ ಕೊಡುವ ಲೇಡೀಸ್ ವಾಚ್ ಉಂಟು. ನಾಲ್ಕಾಣೆಯಷ್ಟು ದೊಡ್ಡದು, ಅಂಕೆ ಓದ್ಲಿಕ್ಕೆ ನನಗೀಗ ಕನ್ನಡಕ ಬೇಕು. ಅಮ್ಮ ಅದನ್ನು ಕೈಯ ಒಳಗಿನ ಬದಿಗೆ ಕಟ್ತಿದ್ರು, ಬಳೆ ತಾಗಿ ಗ್ಲಾಸ್ ಗೀರು ಬೀಳ್ಬಾರ್ದು ಅಂತ. ರಜೆ ದಿನ ನಾನು ಹಾಗೆಯೇ ಕಟ್ಟುದು, ಬಳೆ ಹಾಕದಿದ್ರೂ ಒಳಗಿನ ಬದಿಗೇ. ಅದು ಬಿಟ್ಟು ಬೇರೆ ಬೇಕು ಅಂತ ಇಷ್ಟರವರೆಗೆ ಕಂಡಿಲ್ಲ, ಆದ್ರೆ ನಿಮ್ಮೆಲ್ಲರ ಫೋಟೋ ನೋಡುದು ಬಿಡ್ಲಿಕ್ಕೂ ಆಗುದಿಲ್ಲ, ಅಂಗಡಿ ಕಂಡ್ರೆ ನಿಲ್ಲದೆ ಹೋಗ್ಲಿಕ್ಕೂ ಆಗುದಿಲ್ಲ. ನೀವು ಕೇಳಿದ್ದು ನನ್ನಂಥವರನ್ನೇ ಇರ್ಬೇಕು. ಕೆಲಸದ ವಾಚ್ ಲೆಕ್ಕಕ್ಕೆ ಬರ್ತದಾ ಇಲ್ವಾ ಅದು ನೀವೇ ಹೇಳಿ, ನನಗೆ ಅದು ಥರ್ಮಾಮೀಟರಿನ ಹಾಗೆ.

ಕೀಕೊಡೋನು

ಅಕ್ಕಾ ನಿಮ್ಮ ಉತ್ತರ ಮೂರು ಸಲ ಓದಿದೆ. ಕೆಲಸದ್ದು ಲೆಕ್ಕಕ್ಕಿಲ್ಲ, ನಿಮ್ದು ಒಂದೇ.

ಜಾಲಹಳ್ಳಿಯವ್ರೇ ಪೈಲಟ್ ಫೋಟೋ ಹಾಕಿದೀನಿ ನೋಡಿ. ಆನ್‌ಲೈನಲ್ಲಿ ತಗೊಂಡಿದ್ದು, 1,800 ರೂಪಾಯಿ, ಕೇಸರಿ ಡಯಲ್, ಪಳಪಳ ಅಂತಿದೆ.

ಜಾಲಹಳ್ಳಿ_ಹುಡ್ಗ

ಅಯ್ಯೋ ಗುರುವೇ. ಅಪ್ಪಂಗೆ ತೋರಿಸ್ದೆ, ಮೊಬೈಲ್ ದೂರ ಹಿಡ್ದು ನೋಡಿ "ಈ ಬಣ್ಣ ನಾವ್ಯಾವತ್ತೂ ಹಾಕಿಲ್ಲ ಕಣೋ" ಅಂದ್ರು. ಹಳೇ ವಾಚುಗಳ ಪಾರ್ಟ್ ಎಲ್ಲಾ ಒಟ್ಟು ಹಾಕಿ ಹೊಸದಾಗಿ ಡಯಲ್ ಪ್ರಿಂಟ್ ಮಾಡಿ ಕೂರಿಸಿರೋದು ಅದು. ಪೈಲಟ್ ಅಂದ್ರೆ ಕಪ್ಪು ಡಯಲ್, ಮುಳ್ಳಿಗೂ ಅಂಕೆಗೂ ರೇಡಿಯಂ. ನಿಮ್ದರಲ್ಲಿ "ಪೈಲಟ್" ಅನ್ನೋ ಅಕ್ಷರ ನೋಡಿ, ಸ್ವಲ್ಪ ವಾರೆ ಕೂತಿದೆ. 2016ರಲ್ಲಿ ಕೇಂದ್ರ ಸರ್ಕಾರ ಮುಚ್ಚೋ ತೀರ್ಮಾನ ಮಾಡಿದ್ಮೇಲೆ ಎಲ್ರಿಗೂ ಇದ್ದಕ್ಕಿದ್ದಂಗೆ ಎಚ್‌ಎಂಟಿ ಮೇಲೆ ಪ್ರೀತಿ ಉಕ್ಕಿತಲ್ಲ, ಆಮೇಲಂತೂ ಇಂಥವೇ ಜಾಸ್ತಿ ಸಿಗ್ತವೆ. ಓಡೋದು ಓಡತ್ತೆ, ಆದ್ರೆ ಮಾರೋವಾಗ ಒರಿಜಿನಲ್ ಅಂತ ಹೇಳ್ಬೇಡಿ ಅಷ್ಟೇ.

ಕೀಕೊಡೋನು

ಸರಿ ಹೋಯ್ತು. ಒಂಬತ್ತರಲ್ಲಿ ಒಂದು ಹಾಗೇ ಕಮ್ಮಿ ಆಯ್ತು, ಎಂಟೂವರೆ ಅನ್ನಿ.

ಕೀಕೊಡೋನು

ಮೂರು ವಾರ ಆಯ್ತು, ಏನಾಯ್ತು ಅಂತ ಹೇಳ್ಬೇಕು ಅನ್ಸ್ತು.

ಹುಬ್ಬಳ್ಳಿಯವ್ರ ಮಾತು ಕೇಳಿ ಎಲ್ಲಾನೂ ಅಮ್ಮನ ಮನೇಲಿಟ್ಟು ಬಂದೆ, ಅಪ್ಪನ ಜನತಾ ಒಂದೇ ಕಟ್ಕೊಂಡು. ಬೆಳಿಗ್ಗೆ ಕಾಫಿ ಕುಡೀತಾ ಕೀ ಕೊಡೋದು, ಗಂಟ್ಲಿಗೆ ಬಂತಾ ನೋಡೋದು (ಎಣಿಸಿದೆ, ನಂದು 27 ಸುತ್ತಿಗೆ ಬಿಗಿಯಾಗತ್ತೆ). ಗ್ಲಾಸ್ ಮೇಲೆ ಅಪ್ಪನ ಕಾಲದ ಗೀರು ತುಂಬಾ ಇತ್ತು, ಬಿಳಿ ಟೂತ್‌ಪೇಸ್ಟ್ ಹಾಕಿ ಹತ್ತಿಬಟ್ಟೇಲಿ ಅರ್ಧ ಗಂಟೆ ಉಜ್ಜಿದೆ, ಸಣ್ಣವೆಲ್ಲ ಹೋಯ್ತು, 4ರ ಹತ್ರ ಒಂದು ಆಳವಾಗಿದೆ, ಹೋಗ್ಲಿಲ್ಲ, ಬಿಟ್ಬಿಟ್ಟೆ. ದಿನಕ್ಕೆ ಎರಡು ನಿಮಿಷ ಮುಂದೆ ಓಡತ್ತೆ. ಆಫೀಸಿಗೆ ಒಂದ್ಸಲಾನೂ ಲೇಟಾಗಿಲ್ಲ ಅನ್ನಿ.

ಹೆಂಡ್ತಿ ಮೊದಲನೇ ವಾರದಲ್ಲೇ ಗಮನಿಸಿದ್ಲು, "ಮಾವನ ವಾಚಾ" ಅಂದ್ಲು ಅಷ್ಟೇ. ಈಗ ಟೈಮ್ ಕೇಳಿದ್ರೆ ಕೈ ನೋಡಿ ಹೇಳ್ತೀನಿ, ಎರಡು ನಿಮಿಷ ಕಳ್ದು.

ಹದಿಮೂರನೇ ದಿನ ಮಳೆ. ಗೇರ್ ಲೆಕ್ಕದವ್ರು ಹೇಳಿದ್ದು ನೆನಪಿತ್ತು, ಬೈಕ್ ನಿಲ್ಸಿ ವಾಚ್ ಬಿಚ್ಚಿ ಪ್ಲಾಸ್ಟಿಕ್ ಕವರಿಗೆ ಹಾಕೋಷ್ಟರಲ್ಲಿ ತಡ ಆಗಿತ್ತು. ಮನೆಗೆ ಬಂದು ನೋಡ್ತೀನಿ ಗ್ಲಾಸ್ ಒಳಗೆ ಮಂಜು. ರಾತ್ರಿ ಅಕ್ಕಿ ಡಬ್ಬಕ್ಕೆ ಹಾಕಿಟ್ಟೆ, ಬೆಳಿಗ್ಗೆ ಬಿಚ್ಚಿ ಒಣಗಿಸೋಕೆ ರಿಪೇರಿಯವ್ರ ಹತ್ರ ತಗೊಂಡೋದೆ, ಅವ್ರು ಕೀ ಸಂದಿಯಿಂದ ಅಕ್ಕಿ ತೌಡು ಕೆರೆದು ತೆಗ್ದು ನನ್ನ ಮುಖ ನೋಡಿದ್ರು. ನಾಲ್ಕು ದಿನ ಇಟ್ಕೊಂಡ್ರು. ಅಮ್ಮನ ಮನೆ ಹತ್ತು ನಿಮಿಷ ದೂರ, ಹೋಗಿ ಟಿಸೊ ತರ್ಬೋದಿತ್ತು, ತರ್ಲಿಲ್ಲ, ಕೈ ಖಾಲಿ ಬಿಟ್ಕೊಂಡೇ ಓಡಾಡಿದೆ.

ಟಿಸೊ ಒಂದೂ ದಿನ ನೆನಪಾಗಿಲ್ಲ, ಅದನ್ನ ಮಾರ್ತೀನಿ. ಎರಡು ಸೀಕೋಲಿ ಒಂದು ನೆನಪಾಯ್ತು, ಯಾವ್ದು ಅಂತ ನಂಗೇ ಸರಿಯಾಗಿ ಗೊತ್ತಾಗ್ತಿಲ್ಲ. ಮಾವ ಕೊಟ್ಟಿದ್ದು ಮಾರೋ ಧೈರ್ಯ ಇಲ್ಲ. ಆದ್ರೆ ನಿಜ ಹೇಳ್ಬೇಕು ಅಂದ್ರೆ, ಆ ನಾಲ್ಕು ದಿನ ಕೈ ಖಾಲಿ ಇದ್ದಾಗ ರಾತ್ರಿ ಹನ್ನೊಂದೂವರೆಗೆ ಮಲ್ಕೊಂಡು ಏನ್ ಮಾಡ್ತಿದ್ದೆ ಗೊತ್ತಾ, ಕಪ್ಪು ಡಯಲಿಂದು ಒರಿಜಿನಲ್ ಪೈಲಟ್ ಎಲ್ಲಾದ್ರೂ ಸಿಗತ್ತಾ ಅಂತ ಹುಡುಕ್ತಿದ್ದೆ. ವಾಚ್ ಬಿಡೋಕಾಗತ್ತೆ ಅನ್ಸತ್ತೆ, ಈ ಹುಡುಕಾಟ ಬಿಡೋದು ಹೇಗೋ ಗೊತ್ತಿಲ್ಲ.

ಗೇರ್_ಲೆಕ್ಕ

ಅಕ್ಕಿ ಡಬ್ಬ!! ದೇವ್ರೇ. ವಾಚಿಗೆ ಅಕ್ಕಿ ಹಾಕ್ಬೇಡಿ ಯಾರೂ, ಧೂಳು ಒಳಗೆ ಹೋಗತ್ತೆ, ಒಳಗಿನ ನೀರೇನೂ ಹೊರಗೆ ಬರಲ್ಲ. ಒದ್ದೆ ಆಯ್ತು ಅಂದ್ರೆ ಅವತ್ತೇ ಬಿಚ್ಚಿಸ್ಬೇಕು, ಒಂದು ರಾತ್ರೀಲಿ ತುಕ್ಕು ಶುರುವಾಗತ್ತೆ. ಮತ್ತೆ ಆ ಎರಡು ನಿಮಿಷಕ್ಕೆ ರಿಪೇರಿಯವ್ರ ಹತ್ರ ಹೇಳಿ ರೆಗ್ಯುಲೇಟರ್ ಒಂದು ಕೂದಲೆಳೆ ಸರಿಸಿದ್ರೆ ಮುಗೀತು, ಬ್ಯಾಲೆನ್ಸ್ (ಒಳಗೆ ಆಚೀಚೆ ತಿರುಗೋ ಚಕ್ರ) ಮೇಲೆ ಸಣ್ಣ ಕಡ್ಡಿ ಇರತ್ತೆ, ಅದೇ.

ಪಲ್ಸ್_ನೋಡುವವಳು

ಸರಿಸ್ಬೇಡಿ. ನಿಮ್ಮಪ್ಪನೂ ಹಾಗೆಯೇ ಕಳೆದು ಹೇಳ್ತಿದ್ರೋ ಏನೋ, ಅಮ್ಮನ ಹತ್ರ ಒಮ್ಮೆ ಕೇಳಿ ನೋಡಿ.

ಹುಬ್ಬಳ್ಳಿ_ಮುಳ್ಳು

ಅಂದಂಗ ಅಣ್ಣಾರ, ಆ ಜನತಾಕ್ಕ ಬೆಲ್ಟ್ ಎಷ್ಟ ಎಂಎಂದು ಬರ್ತೈತಿ? ಅಳತಿ ನೋಡಿ ಹೇಳ್ರಿ. ನನ್ನ ಹತ್ರ ಕಂದು ಚರ್ಮದ್ದೊಂದು ಸುಮ್ನ ಬಿದ್ದೈತಿ.